ಬೆನ್ನುಮೂಳೆಯ ಅಸ್ಥಿರಜ್ಜು ಗಾಯಗಳ ಚಲನಾತ್ಮಕ ಕ್ಷ-ಕಿರಣ ಪರೀಕ್ಷೆ

ಚಲನಾತ್ಮಕ ಕ್ಷ-ಕಿರಣ ಪರೀಕ್ಷೆ ಎಂಬುದು ರೋಗಿಯು ಕತ್ತನ್ನು ಅಥವಾ ಸೊಂಟವನ್ನು ಬಾಗಿಸುತ್ತಿರುವಾಗಲೇ ಬೆನ್ನುಮೂಳೆಯ ಮಣಿಗಳ ಚಲನೆಯನ್ನು ಕ್ಷ-ಕಿರಣಗಳ ನೆರವಿನಿಂದ ಚಲಚ್ಚಿತ್ರದಂತೆ ದಾಖಲಿಸಿಕೊಳ್ಳುವ ವೈದ್ಯಕೀಯ ಚಿತ್ರಣ ವಿಧಾನವಾಗಿದೆ. ವೀಡಿಯೊ ಫ್ಲೋರೋಸ್ಕೋಪಿ, ಸಿನೆರೇಡಿಯೋಗ್ರಫಿ, ಡಿಜಿಟಲ್ ಮೋಷನ್ ಎಕ್ಸ್-ರೇ ಎಂಬ ಹೆಸರುಗಳೂ ಇದಕ್ಕಿವೆ. ಮಣಿಗಳನ್ನು ಪರಸ್ಪರ ಬಿಗಿದಿಡುವ ಅಸ್ಥಿರಜ್ಜುಗಳು ಹರಿದಿವೆಯೇ ಅಥವಾ ಸಡಿಲಗೊಂಡಿವೆಯೇ ಎಂಬುದನ್ನು ಪರೋಕ್ಷವಾಗಿ ತಿಳಿಯುವುದು ಇದರ ಮುಖ್ಯ ಉದ್ದೇಶ. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಅಸ್ಥಿರಜ್ಜುಗಳು ಕಾಣುವುದಿಲ್ಲ. ಈ ಕಾರಣದಿಂದ ಅಪಘಾತದ ನಂತರ "ಮೂಳೆ ಮುರಿದಿಲ್ಲ" ಎಂಬ ವರದಿ ಪಡೆದ ರೋಗಿಯಲ್ಲಿಯೂ ಅಸ್ಥಿರಜ್ಜುವಿನ ಗಾಯ ಉಳಿದಿರುವ ಸಾಧ್ಯತೆಯಿರುತ್ತದೆ. ಈ ಪರೀಕ್ಷೆಯ ಉಪಯುಕ್ತತೆಯ ಕುರಿತು ವೈದ್ಯರಲ್ಲಿ ಒಮ್ಮತವಿಲ್ಲ. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆಯಾದರೂ ತುರ್ತು ಚಿಕಿತ್ಸೆಯಲ್ಲಿ ಸಿ.ಟಿ. ಮತ್ತು ಎಂ.ಆರ್.ಐ. ಪರೀಕ್ಷೆಗಳು ಇದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

## ಅಂಗರಚನೆಯ ಹಿನ್ನೆಲೆ

ಬೆನ್ನುಮೂಳೆಯು ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 12 ಮತ್ತು ಸೊಂಟದಲ್ಲಿ 5 ಬಿಡಿ ಮಣಿಗಳನ್ನು ಹೊಂದಿದೆ. ಇವುಗಳ ಕೆಳಗೆ ತ್ರಿಕಾಸ್ಥಿ ಮತ್ತು ಬಾಲದ ಮೂಳೆಗಳಿವೆ. ಮಣಿಗಳ ನಡುವೆ ಮೆತ್ತನೆಯ ಡಿಸ್ಕ್‌ಗಳೂ ಹಿಂಭಾಗದಲ್ಲಿ ಫ್ಯಾಸೆಟ್ ಎಂಬ ಜೋಡಿ ಕೀಲುಗಳೂ ಇರುತ್ತವೆ. ಇವೆಲ್ಲವನ್ನೂ ಬಂಧಿಸಿ ಚಲನೆಗೆ ಮಿತಿ ಹಾಕುವ ಗಟ್ಟಿಯಾದ ನಾರಿನ ಪಟ್ಟಿಗಳೇ ಅಸ್ಥಿರಜ್ಜುಗಳು. ಮುಖ್ಯವಾದವು ಇವು:

* ಮುಂಭಾಗದ ನೀಳ ಅಸ್ಥಿರಜ್ಜು: ಮಣಿಗಳ ಮುಂಬದಿಯಲ್ಲಿ ಉದ್ದಕ್ಕೂ ಹರಡಿದ್ದು, ಬೆನ್ನು ಅತಿಯಾಗಿ ಹಿಂದಕ್ಕೆ ಬಾಗುವುದನ್ನು ತಡೆಯುತ್ತದೆ.
* ಹಿಂಭಾಗದ ನೀಳ ಅಸ್ಥಿರಜ್ಜು: ಮಣಿಗಳ ಹಿಂಬದಿಯಲ್ಲಿ, ಬೆನ್ನುಹುರಿಯ ನಾಳದ ಒಳಗೋಡೆಯಲ್ಲಿದೆ.
* ಹಳದಿ ಅಸ್ಥಿರಜ್ಜು: ಹಿಗ್ಗುವ ಇಲಾಸ್ಟಿನ್ ಎಂಬ ಪ್ರೋಟೀನು ಹೇರಳವಾಗಿರುವುದರಿಂದ ಹಳದಿ ಬಣ್ಣ ಹೊಂದಿದೆ.
* ಫ್ಯಾಸೆಟ್ ಕೀಲುಗಳ ಕೋಶ: ಕೀಲಿನ ಸುತ್ತಲಿನ ಹೊದಿಕೆ. ವಾಹನ ಅಪಘಾತದ ನಂತರದ ಕತ್ತುನೋವಿಗೆ ಇದರ ಹಿಗ್ಗುವಿಕೆಯೂ ಒಂದು ಕಾರಣವೆಂದು ಪರಿಗಣಿಸಲಾಗಿದೆ.
* ಮುಳ್ಳುಗಳ ನಡುವಿನ ಮತ್ತು ಮುಳ್ಳುಗಳ ಮೇಲಿನ ಅಸ್ಥಿರಜ್ಜುಗಳು: ಮಣಿಗಳ ಹಿಂಚಾಚುಗಳನ್ನು ಜೋಡಿಸುತ್ತವೆ.
* ಅಡ್ಡ ಅಸ್ಥಿರಜ್ಜು ಮತ್ತು ಆಲಾರ್ ಅಸ್ಥಿರಜ್ಜುಗಳು: ತಲೆಬುರುಡೆ ಹಾಗೂ ಕತ್ತಿನ ಮೊದಲ ಎರಡು ಮಣಿಗಳ ಸಂಧಿಯಲ್ಲಿವೆ. ತಲೆಯನ್ನು ಎಡಬಲಕ್ಕೆ ತಿರುಗಿಸುವ ಚಲನೆಯ ಸುಮಾರು ಅರ್ಧಭಾಗ ಈ ಎರಡು ಮಣಿಗಳ ನಡುವೆಯೇ ನಡೆಯುತ್ತದೆ.

ಅಡ್ಡ ಅಸ್ಥಿರಜ್ಜು ಹರಿದರೆ ಮೊದಲ ಮಣಿಯು ಮುಂದಕ್ಕೆ ಜಾರಿ ಬೆನ್ನುಹುರಿಯನ್ನು ಒತ್ತಬಹುದು. ಇದರಿಂದ ಕೈಕಾಲುಗಳ ಸ್ವಾಧೀನ ತಪ್ಪುವ ಅಥವಾ ಉಸಿರಾಟ ನಿಲ್ಲುವ ಅಪಾಯವಿದೆ. ಇದಕ್ಕೆ ವ್ಯತಿರಿಕ್ತವಾಗಿ ಮುಳ್ಳುಗಳ ನಡುವಿನ ಅಸ್ಥಿರಜ್ಜುವಿನ ಸಣ್ಣ ಉಳುಕು ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. "ಅಸ್ಥಿರಜ್ಜು ಗಾಯ" ಎಂಬ ಒಂದೇ ಹೆಸರಿನಡಿ ಇಷ್ಟು ಭಿನ್ನವಾದ ಸ್ಥಿತಿಗಳು ಸೇರುವುದರಿಂದ ಪರೀಕ್ಷೆಯ ಆಯ್ಕೆಯೂ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ.

## ಇತಿಹಾಸ

ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದನು. ಚಲಿಸುವ ಅಂಗಗಳನ್ನು ನೋಡುವ ಪ್ರಯತ್ನಗಳು ಅದರ ಬೆನ್ನಲ್ಲೇ ಆರಂಭವಾದವು. 1896ರಲ್ಲಿ ಥಾಮಸ್ ಎಡಿಸನ್ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಲೇಪಿತ ಪರದೆಯುಳ್ಳ ಫ್ಲೋರೋಸ್ಕೋಪನ್ನು ರೂಪಿಸಿದನು. 1897ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಜಾನ್ ಮ್ಯಾಕಿಂಟೈರ್ ಕಪ್ಪೆಯ ಕಾಲಿನ ಚಲನೆಯನ್ನು ಕ್ಷ-ಕಿರಣ ಚಲಚ್ಚಿತ್ರವಾಗಿ ತೋರಿಸಿದನು. ಈ ಕಿರಣಗಳ ಅಪಾಯವೂ ಬೇಗನೆ ತಿಳಿದುಬಂತು. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ವಿಕಿರಣದಿಂದುಂಟಾದ ಕ್ಯಾನ್ಸರಿನಿಂದ 1904ರಲ್ಲಿ ಮರಣ ಹೊಂದಿದನು.

1944ರಲ್ಲಿ ಸ್ವೀಡನ್ನಿನ ಫೋಲ್ಕೆ ಕ್ನುಟ್ಸನ್ ಸೊಂಟವನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸಿ ತೆಗೆದ ಎರಡು ಎಕ್ಸ್-ರೇಗಳನ್ನು ಹೋಲಿಸಿ ಮಣಿಗಳ ಅಸ್ಥಿರತೆಯನ್ನು ಗುರುತಿಸುವ ಕ್ರಮವನ್ನು ವಿವರಿಸಿದನು. ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. 1950ರ ದಶಕದಲ್ಲಿ ಬಿಂಬವರ್ಧಕ ಕೊಳವೆಗಳು ಬಂದ ಮೇಲೆ ಕಡಿಮೆ ವಿಕಿರಣದಲ್ಲಿ ಪ್ರಕಾಶಮಾನವಾದ ಚಿತ್ರ ದೊರೆಯತೊಡಗಿತು.

1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಗಸ್ಟಸ್ ವೈಟ್ ಮತ್ತು ಮನೋಹರ್ ಪಂಜಾಬಿ ಅವರು ಮೃತದೇಹಗಳಿಂದ ಪಡೆದ ಬೆನ್ನುಮೂಳೆಗಳಲ್ಲಿ ಅಸ್ಥಿರಜ್ಜುಗಳನ್ನು ಒಂದೊಂದಾಗಿ ಕತ್ತರಿಸುತ್ತ, ಪ್ರತಿ ಹಂತದಲ್ಲಿ ಮಣಿಗಳು ಎಷ್ಟು ಸರಿಯುತ್ತವೆ ಎಂಬುದನ್ನು ಅಳೆದರು. ಇಂದಿನ ಅಳತೆಯ ಮಾನದಂಡಗಳಿಗೆ ಈ ಪ್ರಯೋಗಗಳೇ ಆಧಾರವಾಗಿವೆ. ಸ್ವಲ್ಪವೇ ಬಲಕ್ಕೆ ಮಣಿಗಳು ಸುಲಭವಾಗಿ ಚಲಿಸುವ "ತಟಸ್ಥ ವಲಯ"ದ ಪರಿಕಲ್ಪನೆಯನ್ನು ಪಂಜಾಬಿ ಅವರು 1992ರಲ್ಲಿ ಮಂಡಿಸಿದರು. ಅಸ್ಥಿರಜ್ಜು ಸಡಿಲಗೊಂಡಾಗ ಚಲನೆಯ ಒಟ್ಟು ವ್ಯಾಪ್ತಿಗಿಂತ ಈ ವಲಯವೇ ಹೆಚ್ಚು ಹಿಗ್ಗುತ್ತದೆ ಎಂಬುದು ಅವರ ವಾದ. ಚಲನೆಯ ಎರಡು ತುದಿಗಳನ್ನಷ್ಟೇ ನೋಡದೆ ನಡುವಿನ ಹಾದಿಯನ್ನೂ ನೋಡಬೇಕೆಂಬ ವಿಚಾರಕ್ಕೆ ಇದು ಬಲ ನೀಡಿತು.

## ಪರೀಕ್ಷಾ ವಿಧಾನ

ಕತ್ತಿನ ಪರೀಕ್ಷೆಯಲ್ಲಿ ರೋಗಿಯು ಕ್ಷ-ಕಿರಣ ಕೊಳವೆ ಮತ್ತು ಗ್ರಾಹಕ ಫಲಕದ ನಡುವೆ ಕುಳಿತು ಅಥವಾ ನಿಂತು, ಸೂಚನೆಯಂತೆ ತಾನೇ ತಲೆಯನ್ನು ಚಲಿಸುತ್ತಾನೆ. ತಲೆಯನ್ನು ಬೇರೆಯವರು ಹಿಡಿದು ಬಾಗಿಸುವಂತಿಲ್ಲ. ನೋವು, ಜೋಮು ಅಥವಾ ತಲೆಸುತ್ತು ಕಾಣಿಸಿದ ಕೂಡಲೇ ನಿಲ್ಲಿಸಬೇಕೆಂದು ಮೊದಲೇ ತಿಳಿಸಲಾಗುತ್ತದೆ. ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 30 ಚೌಕಟ್ಟುಗಳನ್ನು ದಾಖಲಿಸುತ್ತದೆ. ನೋಟಗಳು ಮತ್ತು ಅವು ಸೂಚಿಸುವ ರಚನೆಗಳು ಹೀಗಿವೆ:

* ಪಕ್ಕದಿಂದ, ಮುಂದಕ್ಕೆ ಬಾಗುವಾಗ: ಹಿಂಭಾಗದ ಅಸ್ಥಿರಜ್ಜುಗಳು. ಇವು ಹರಿದಿದ್ದರೆ ಮುಳ್ಳುಗಳ ನಡುವಿನ ಅಂತರ ಅಸಹಜವಾಗಿ ಅಗಲವಾಗುತ್ತದೆ ಮತ್ತು ಮೇಲಿನ ಮಣಿ ಮುಂದಕ್ಕೆ ಜಾರುತ್ತದೆ.
* ಪಕ್ಕದಿಂದ, ಹಿಂದಕ್ಕೆ ಬಾಗುವಾಗ: ಮುಂಭಾಗದ ನೀಳ ಅಸ್ಥಿರಜ್ಜು ಮತ್ತು ಡಿಸ್ಕ್.
* ಓರೆಯಾಗಿ, ಬಾಗುವಾಗ: ಫ್ಯಾಸೆಟ್ ಕೀಲುಗಳ ಕೋಶ.
* ಬಾಯಿ ತೆರೆದು ಎದುರಿನಿಂದ, ತಲೆಯನ್ನು ಪಕ್ಕಕ್ಕೆ ವಾಲಿಸುವಾಗ: ಆಲಾರ್ ಅಸ್ಥಿರಜ್ಜುಗಳು ಮತ್ತು ಮೊದಲೆರಡು ಮಣಿಗಳ ಹೊಂದಾಣಿಕೆ.

ಸೊಂಟದ ಪರೀಕ್ಷೆಗೆ ಬ್ರಿಟನ್ನಿನ ಬೋರ್ನ್‌ಮತ್‌ನಲ್ಲಿ ಆಲನ್ ಬ್ರೀನ್ ಮತ್ತು ಸಹೋದ್ಯೋಗಿಗಳು ಪರಿಮಾಣಾತ್ಮಕ ಫ್ಲೋರೋಸ್ಕೋಪಿ ಎಂಬ ಕ್ರಮವನ್ನು ಬೆಳೆಸಿದ್ದಾರೆ. ಇದರಲ್ಲಿ ರೋಗಿಯನ್ನು ಯಾಂತ್ರಿಕ ಮೇಜಿನ ಮೇಲೆ ಮಲಗಿಸಿ ನಿಗದಿತ ವೇಗ ಮತ್ತು ಕೋನದಲ್ಲಿ ಬಾಗಿಸಲಾಗುತ್ತದೆ. ಪ್ರತಿ ಚೌಕಟ್ಟಿನಲ್ಲೂ ಮಣಿಗಳ ಸ್ಥಾನವನ್ನು ಗಣಕಯಂತ್ರವು ಗುರುತಿಸುತ್ತದೆ. ರೋಗಿಯ ಸ್ನಾಯುಬಿಗಿತ ಮತ್ತು ನೋಡುವವರ ಅಂದಾಜು ಇವೆರಡರಿಂದ ಉಂಟಾಗುವ ವ್ಯತ್ಯಾಸವನ್ನು ತಗ್ಗಿಸುವುದು ಇದರ ಗುರಿ.

## ಅಳತೆಗಳು ಮತ್ತು ವ್ಯಾಖ್ಯಾನ

ವೈಟ್ ಮತ್ತು ಪಂಜಾಬಿ ಅವರ ಮಾನದಂಡದ ಪ್ರಕಾರ ಕತ್ತಿನ ಕೆಳಭಾಗದಲ್ಲಿ ಒಂದು ಮಣಿಯು ಇನ್ನೊಂದರ ಮೇಲೆ 3.5 ಮಿ.ಮೀ.ಗಿಂತ ಹೆಚ್ಚು ಸರಿದರೆ, ಅಥವಾ ಅವುಗಳ ನಡುವಿನ ಕೋನವು ಪಕ್ಕದ ಜೋಡಿಗಿಂತ 11 ಡಿಗ್ರಿಗೂ ಹೆಚ್ಚಾದರೆ ಅಸ್ಥಿರತೆಯನ್ನು ಶಂಕಿಸಬೇಕು. ಸೊಂಟದ ಭಾಗದಲ್ಲಿ 4.5 ಮಿ.ಮೀ. ಸರಿತವನ್ನು ಮಿತಿಯಾಗಿ ಬಳಸುವುದುಂಟು. ಕತ್ತಿನ ಮೊದಲ ಮಣಿಯ ಮುಂಕಮಾನು ಮತ್ತು ಎರಡನೆಯ ಮಣಿಯ ಹಲ್ಲಿನಾಕಾರದ ಚಾಚಿನ ನಡುವಿನ ಅಂತರ ವಯಸ್ಕರಲ್ಲಿ ಸುಮಾರು 3 ಮಿ.ಮೀ. ಹಾಗೂ ಮಕ್ಕಳಲ್ಲಿ ಸುಮಾರು 5 ಮಿ.ಮೀ. ಮೀರಿದರೆ ಅಡ್ಡ ಅಸ್ಥಿರಜ್ಜುವಿಗೆ ಹಾನಿಯಾಗಿರುವ ಶಂಕೆ ಮೂಡುತ್ತದೆ.

ಈ ಸಂಖ್ಯೆಗಳನ್ನು ರೋಗಿಯ ಲಕ್ಷಣಗಳಿಂದ ಬೇರ್ಪಡಿಸಿ ನೋಡುವುದು ದೋಷಕ್ಕೆ ದಾರಿಯಾಗುತ್ತದೆ. ನೋವೇ ಇಲ್ಲದ ಆರೋಗ್ಯವಂತರ ಸೊಂಟದಲ್ಲಿಯೂ ಕೆಲವು ಮಿಲಿಮೀಟರುಗಳ ಸರಿತ ಕಂಡುಬರುತ್ತದೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳಲ್ಲಿ ಕತ್ತಿನ ಎರಡನೆಯ ಮಣಿಯು ಮೂರನೆಯದರ ಮೇಲೆ ಸ್ವಲ್ಪ ಮುಂದಕ್ಕೆ ಜಾರಿದಂತೆ ಕಾಣುವುದು ಸಹಜ. ಇದನ್ನು ಹುಸಿ ಜಾರುವಿಕೆ ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಗಾಯವಾದ ಮೊದಲ ದಿನಗಳಲ್ಲಿ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ನಿಜವಾದ ಅಸ್ಥಿರತೆಯನ್ನೇ ಮರೆಮಾಡಬಹುದು. ರೋಗಿಯು ಸಾಕಷ್ಟು ಬಾಗಲಾಗದಿದ್ದರೆ ಪರೀಕ್ಷೆಯನ್ನು "ಸಹಜ" ಎಂದು ಓದಬಾರದು, "ಅಪೂರ್ಣ" ಎಂದೇ ಓದಬೇಕು. ಇಂತಹವರಿಗೆ ಕೊರಳಪಟ್ಟಿ ಹಾಕಿ ಒಂದೆರಡು ವಾರಗಳ ನಂತರ ಮತ್ತೆ ಪರೀಕ್ಷಿಸುವ ರೂಢಿಯಿದೆ.

## ಇತರ ಪರೀಕ್ಷೆಗಳೊಂದಿಗೆ ಹೋಲಿಕೆ

ಅಪಘಾತಕ್ಕೊಳಗಾದ ಪ್ರತಿಯೊಬ್ಬರ ಕತ್ತಿಗೂ ಚಿತ್ರಣದ ಅಗತ್ಯವಿಲ್ಲ. ಯಾರಿಗೆ ಎಕ್ಸ್-ರೇ ಬೇಕು, ಯಾರಿಗೆ ಬೇಡ ಎಂಬುದನ್ನು ನಿರ್ಧರಿಸಲು 2000ದಲ್ಲಿ ಪ್ರಕಟವಾದ ನೆಕ್ಸಸ್ ಮಾನದಂಡಗಳೂ 2001ರಲ್ಲಿ ಪ್ರಕಟವಾದ ಕೆನಡಾದ ಕತ್ತುಮೂಳೆ ನಿಯಮವೂ ಬಳಕೆಯಲ್ಲಿವೆ. ಮೂಳೆ ಮುರಿತವನ್ನು ಪತ್ತೆಹಚ್ಚಲು ಸಿ.ಟಿ. ಅತ್ಯುತ್ತಮ ಸಾಧನ. ಅಸ್ಥಿರಜ್ಜು, ಡಿಸ್ಕ್ ಮತ್ತು ಬೆನ್ನುಹುರಿಯನ್ನು ನೇರವಾಗಿ ತೋರಿಸುವುದು ಎಂ.ಆರ್.ಐ. ಇದರಲ್ಲಿ ಅಯಾನೀಕಾರಕ ವಿಕಿರಣವೂ ಇಲ್ಲ. ಹೊಸ ಗಾಯದ ಊತ ಮತ್ತು ರಕ್ತಸ್ರಾವ ಎಂ.ಆರ್.ಐ.ಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಸಾಮಾನ್ಯ ಎಂ.ಆರ್.ಐ.ಯಲ್ಲಿ ರೋಗಿ ಅಲುಗಾಡದೆ ಮಲಗಿರುತ್ತಾನೆ. ಹಳೆಯ ಗಾಯವು ಕಲೆಗಟ್ಟಿ ಊತ ಇಳಿದ ಮೇಲೆ, ಬಾಗಿದಾಗ ಮಾತ್ರ ಪ್ರಕಟವಾಗುವ ಸಡಿಲತೆ ಅದರಲ್ಲಿ ತಪ್ಪಿಹೋಗಬಹುದು. ಚಲನಾತ್ಮಕ ಚಿತ್ರಣದ ಸಮರ್ಥಕರು ಎತ್ತಿ ಹೇಳುವ ಅಂಶ ಇದೇ.

1990ರ ದಶಕದಲ್ಲಿ ಪ್ರಜ್ಞೆಯಿಲ್ಲದ ರೋಗಿಗಳ ಕತ್ತನ್ನು ವೈದ್ಯರೇ ಫ್ಲೋರೋಸ್ಕೋಪಿಯಡಿ ಬಾಗಿಸಿ ನೋಡುವ ಪದ್ಧತಿ ಕೆಲವು ಆಘಾತ ಚಿಕಿತ್ಸಾ ಕೇಂದ್ರಗಳಲ್ಲಿತ್ತು. ಇದರಿಂದ ಹೊಸದಾಗಿ ಪತ್ತೆಯಾದ ಗಾಯಗಳು ತೀರ ವಿರಳವಾಗಿದ್ದವು. ಪರೀಕ್ಷೆಯ ಸಮಯದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಪ್ರಕರಣವೂ ವರದಿಯಾಯಿತು. ಅಮೆರಿಕದ ಆಘಾತ ಶಸ್ತ್ರಚಿಕಿತ್ಸಕರ ಸಂಘಟನೆಯ 2009ರ ಮಾರ್ಗಸೂಚಿಯು ಇಂತಹ ರೋಗಿಗಳಲ್ಲಿ ಬಾಗಿಸಿ ನೋಡುವ ಪರೀಕ್ಷೆ ಮಾಡಬಾರದೆಂದು ಸೂಚಿಸಿತು.

## ಪ್ರಯೋಜನ ಮತ್ತು ವಿವಾದ

ಸಂಧಿವಾತ ಅಥವಾ ಡೌನ್ ಸಿಂಡ್ರೋಮ್‌ನಿಂದ ಕತ್ತಿನ ಮೇಲ್ಭಾಗದ ಅಸ್ಥಿರಜ್ಜುಗಳು ಸಡಿಲವಾಗಿರುವ ರೋಗಿಗಳಲ್ಲಿ, ಬೆನ್ನುಮಣಿ ಜಾರಿದವರಲ್ಲಿ ಹಾಗೂ ಶಸ್ತ್ರಚಿಕಿತ್ಸೆಯ ನಂತರ ಮಣಿಗಳು ಬೆಸೆದಿವೆಯೇ ಎಂದು ತಿಳಿಯಲು ಚಲನೆಯ ಚಿತ್ರಣ ಉಪಯುಕ್ತವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಈ ಸಂದರ್ಭಗಳಲ್ಲಿಯೂ ಬಹುತೇಕ ಆಸ್ಪತ್ರೆಗಳು ಪೂರ್ಣ ವೀಡಿಯೊದ ಬದಲು ಬಾಗಿಸಿ ತೆಗೆದ ಎರಡು ಸ್ಥಿರ ಎಕ್ಸ್-ರೇಗಳಿಗೇ ತೃಪ್ತವಾಗುತ್ತವೆ. ತಲೆಬುರುಡೆ ಮತ್ತು ಕತ್ತಿನ ಸಂಧಿಯ ತೊಂದರೆಗಳು ಭಾರತದಲ್ಲಿ ವಿರಳವಲ್ಲ. ಮೊದಲೆರಡು ಮಣಿಗಳನ್ನು ತಗಡು ಮತ್ತು ತಿರುಪುಗಳಿಂದ ಸ್ಥಿರಗೊಳಿಸುವ ವಿಧಾನವನ್ನು ಮುಂಬಯಿಯ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಈ ಬಗೆಯ ರೋಗಿಗಳಿಗೆ ಚಿಕಿತ್ಸೆ ನೀಡುವ ಪ್ರಮುಖ ಕೇಂದ್ರಗಳಲ್ಲಿ ಒಂದು.

ವಿವಾದ ಇರುವುದು ವಾಹನ ಅಪಘಾತದ ನಂತರದ ದೀರ್ಘಕಾಲದ ಕತ್ತುನೋವಿನ ವಿಷಯದಲ್ಲಿ. 1995ರಲ್ಲಿ ಕ್ವಿಬೆಕ್ ಕಾರ್ಯಪಡೆಯು ಇಂತಹ ತೊಂದರೆಗಳನ್ನು 0ರಿಂದ 4ರವರೆಗಿನ ದರ್ಜೆಗಳಲ್ಲಿ ವಿಂಗಡಿಸಿತು. ಮೂಳೆ ಮುರಿತವಾಗಲಿ ನರದ ಲಕ್ಷಣವಾಗಲಿ ಇಲ್ಲದ 1 ಮತ್ತು 2ನೆಯ ದರ್ಜೆಗಳಲ್ಲಿ ನೋವು ನಿಜವಾದರೂ ಕಾರಣ ಚಿತ್ರದಲ್ಲಿ ಸಿಗುವುದು ಅಪರೂಪ. ಅಮೆರಿಕದಲ್ಲಿ ಮುಖ್ಯವಾಗಿ ಕೈರೋಪ್ರ್ಯಾಕ್ಟಿಕ್ ಚಿಕಿತ್ಸಾಲಯಗಳು ಚಲನಾತ್ಮಕ ಎಕ್ಸ್-ರೇಯನ್ನು ಇಂತಹವರಿಗೆ ಬಳಸುತ್ತಿದ್ದು, ಅದರ ವೀಡಿಯೊಗಳು ಪರಿಹಾರದ ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ಹಾಜರಾಗುತ್ತವೆ. ಅಲ್ಲಿನ ಹಲವು ವಿಮಾ ಸಂಸ್ಥೆಗಳು ಇದನ್ನು ಪ್ರಾಯೋಗಿಕವೆಂದು ಪರಿಗಣಿಸಿ ವೆಚ್ಚ ಭರಿಸಲು ಒಪ್ಪುವುದಿಲ್ಲ. ವಿಮರ್ಶಕರು ಮೂರು ಕೊರತೆಗಳನ್ನು ಮುಂದಿಡುತ್ತಾರೆ: ಸಹಜ ಚಲನೆಯ ವ್ಯಾಪ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ, ಒಂದೇ ವೀಡಿಯೊವನ್ನು ಇಬ್ಬರು ತಜ್ಞರು ಬೇರೆಬೇರೆಯಾಗಿ ಓದಬಹುದು, ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗಿ ರೋಗಿಗೆ ಒಳಿತಾಯಿತೆಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ.

## ವಿಕಿರಣ ಮತ್ತು ಸುರಕ್ಷತೆ

ಕತ್ತಿನ ಸಾಮಾನ್ಯ ಎಕ್ಸ್-ರೇ ಪರೀಕ್ಷೆಯಲ್ಲಿ ಸರಾಸರಿ ಪರಿಣಾಮಕಾರಿ ವಿಕಿರಣ ಪ್ರಮಾಣ ಸುಮಾರು 0.2 ಮಿಲಿಸೀವರ್ಟ್, ಸೊಂಟದ್ದರಲ್ಲಿ ಸುಮಾರು 1.5 ಮಿಲಿಸೀವರ್ಟ್ ಮತ್ತು ಬೆನ್ನುಮೂಳೆಯ ಸಿ.ಟಿ.ಯಲ್ಲಿ ಸುಮಾರು 6 ಮಿಲಿಸೀವರ್ಟ್ ಎಂದು ಅಂದಾಜಿಸಲಾಗಿದೆ. ಫ್ಲೋರೋಸ್ಕೋಪಿಯ ಪ್ರಮಾಣವು ಕಿರಣ ಹಾಯಿಸಿದ ಅವಧಿ, ಚೌಕಟ್ಟುಗಳ ದರ ಮತ್ತು ಯಂತ್ರದ ಗುಣಮಟ್ಟವನ್ನು ಅವಲಂಬಿಸಿದೆ. ಆದುದರಿಂದ ಕಿರಣವನ್ನು ಬಿಟ್ಟುಬಿಟ್ಟು ಹಾಯಿಸುವುದು, ಅಗತ್ಯವಿರುವ ಭಾಗಕ್ಕಷ್ಟೇ ಕಿರಣವನ್ನು ಸೀಮಿತಗೊಳಿಸುವುದು ಹಾಗೂ ಚಲನೆಗಳನ್ನು ಯಂತ್ರ ಚಾಲೂ ಮಾಡುವ ಮೊದಲೇ ಅಭ್ಯಾಸ ಮಾಡಿಸುವುದು ಉತ್ತಮ ಕ್ರಮ. ಗರ್ಭಿಣಿಯರಲ್ಲಿ, ಮುಖ್ಯವಾಗಿ ಸೊಂಟದ ಪರೀಕ್ಷೆಯನ್ನು, ಅನಿವಾರ್ಯವಲ್ಲದಿದ್ದರೆ ಮಾಡುವುದಿಲ್ಲ.

ಭಾರತದಲ್ಲಿ ಕ್ಷ-ಕಿರಣ ಯಂತ್ರಗಳ ನಿಯಂತ್ರಣವನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಿರ್ವಹಿಸುತ್ತದೆ. ಯಂತ್ರದ ಮಾದರಿಗೆ ಮಂಡಳಿಯ ಅನುಮೋದನೆಯೂ, ಅದನ್ನು ನಡೆಸುವ ಸಂಸ್ಥೆಗೆ ಪರವಾನಗಿಯೂ ಇರಬೇಕು. ವಿಕಿರಣದೊಡನೆ ಕೆಲಸ ಮಾಡುವ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ ಗರಿಷ್ಠ 30 ಮಿಲಿಸೀವರ್ಟ್ ಮಿತಿಯಿದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯಿದ್ದು, ಇದು ರೋಗಿಯ ಪರೀಕ್ಷೆಗೆ ಅನ್ವಯಿಸುವುದಿಲ್ಲ. ರೋಗಿಯ ವಿಷಯದಲ್ಲಿ ವೈದ್ಯಕೀಯ ಅಗತ್ಯವೇ ಮಾನದಂಡ. ಕರ್ನಾಟಕದಲ್ಲಿ ಖಾಸಗಿ ರೋಗನಿರ್ಣಯ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಾಯಿಸಿಕೊಳ್ಳಬೇಕು.

## ದಾಸರಹಳ್ಳಿ-ಪೀಣ್ಯ ಪ್ರದೇಶದ ಸಂದರ್ಭ

ಬೆಂಗಳೂರಿನ ವಾಯವ್ಯ ಭಾಗದಲ್ಲಿರುವ ಟಿ. ದಾಸರಹಳ್ಳಿಯು ತುಮಕೂರು ರಸ್ತೆಯ ಮೇಲೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿದೆ. ಪ್ರತ್ಯೇಕ ನಗರಸಭೆಯಾಗಿದ್ದ ದಾಸರಹಳ್ಳಿಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2015ರ ಮೇ ತಿಂಗಳಲ್ಲಿ ಇಲ್ಲಿಗೆ ಮೆಟ್ರೊ ರೈಲು ಬಂತು. ರಾಷ್ಟ್ರೀಯ ಹೆದ್ದಾರಿಯ ಲಾರಿ ಸಂಚಾರ, ಪಾಳಿ ಮುಗಿಸಿ ದ್ವಿಚಕ್ರ ವಾಹನಗಳಲ್ಲಿ ಮರಳುವ ಕಾರ್ಮಿಕರು, ಯಂತ್ರಬಿಡಿಭಾಗ ಮತ್ತು ಸಿದ್ಧ ಉಡುಪಿನ ಘಟಕಗಳ ಭಾರ ಎತ್ತುವ ಕೆಲಸ, ಇವೆಲ್ಲ ಒಂದೆಡೆ ಸೇರಿರುವ ಪ್ರದೇಶ ಇದು. ಹಿಂದಿನಿಂದ ವಾಹನ ಗುದ್ದಿದಾಗ, ಎತ್ತರದಿಂದ ಬಿದ್ದಾಗ ಅಥವಾ ಭಾರವು ತಲೆಯ ಮೇಲೆ ಬಿದ್ದಾಗ ಬೆನ್ನುಮೂಳೆಯ ಅಸ್ಥಿರಜ್ಜುಗಳಿಗೆ ಗಾಯವಾಗುತ್ತದೆ.

ಇಂತಹ ಗಾಯಾಳುಗಳಿಗೆ ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳು ಹತ್ತಿರದ ಸಾರ್ವಜನಿಕ ಆಸರೆಗಳು. ಜಯನಗರದ ಬಳಿಯ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಹಾಗೂ ನಿಮ್ಹಾನ್ಸ್ ನಗರದ ಇನ್ನೊಂದು ಬದಿಯಲ್ಲಿವೆ. ಚಲನಾತ್ಮಕ ಎಕ್ಸ್-ರೇಗೆಂದೇ ರೂಪಿಸಿದ ಯಂತ್ರಗಳು ಮುಖ್ಯವಾಗಿ ಅಮೆರಿಕದಲ್ಲಿ ಬಳಕೆಯಲ್ಲಿವೆ. ಭಾರತದ ಆಸ್ಪತ್ರೆಗಳಲ್ಲಿ ಫ್ಲೋರೋಸ್ಕೋಪಿ ಸಾಮಾನ್ಯವಾಗಿ ಕಾಣುವುದು ಶಸ್ತ್ರಚಿಕಿತ್ಸಾ ಕೊಠಡಿಯ ಸಿ-ಆರ್ಮ್ ಯಂತ್ರದ ರೂಪದಲ್ಲಿ. ಅಸ್ಥಿರಜ್ಜು ಗಾಯದ ಶಂಕೆಯಿದ್ದಾಗ ಮೊದಲು ಸ್ಥಿರ ಎಕ್ಸ್-ರೇ ಅಥವಾ ಸಿ.ಟಿ., ಅನಂತರ ಎಂ.ಆರ್.ಐ., ರೋಗಿ ಎಚ್ಚರವಾಗಿದ್ದು ನೋವು ತಗ್ಗಿದ ಮೇಲೆ ಅಗತ್ಯವಿದ್ದರೆ ಬಾಗಿಸಿ ತೆಗೆಯುವ ಎಕ್ಸ್-ರೇ ಎಂಬುದು ಇಲ್ಲಿನ ಸಾಮಾನ್ಯ ಕ್ರಮ.

## ಪರಿಹಾರ ಮತ್ತು ಸಾಕ್ಷ್ಯ

ಮುರಿತ ಕಾಣದ ಗಾಯವನ್ನು ಸಾಬೀತುಪಡಿಸುವುದು ಕಾರ್ಮಿಕನ ಜೀವನೋಪಾಯಕ್ಕೆ ಸಂಬಂಧಿಸಿದ ಪ್ರಶ್ನೆಯೂ ಹೌದು. ಇ.ಎಸ್.ಐ. ಯೋಜನೆಯಲ್ಲಿ ಉದ್ಯೋಗದ ಗಾಯದಿಂದ ತಾತ್ಕಾಲಿಕವಾಗಿ ಕೆಲಸ ಮಾಡಲಾಗದವರಿಗೆ ವೇತನದ ಶೇ. 90ರ ದರದಲ್ಲಿ ಭತ್ಯೆಯಿದೆ. ಶಾಶ್ವತ ವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಮನೆ ಮತ್ತು ಕೆಲಸದ ಸ್ಥಳದ ನಡುವಿನ ಪ್ರಯಾಣದಲ್ಲಾದ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಸಾಬೀತಾದರೆ ಅದನ್ನು ಉದ್ಯೋಗದ ಗಾಯವೆಂದು ಪರಿಗಣಿಸುವ ಅವಕಾಶವನ್ನು 2010ರ ತಿದ್ದುಪಡಿ ಕಲ್ಪಿಸಿತು.

ರಸ್ತೆ ಅಪಘಾತದ ಪರಿಹಾರಕ್ಕೆ 1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಪ್ರಕರಣದಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯದಲ್ಲಿ ಈ ನ್ಯಾಯಮಂಡಳಿಗಳು ಕಾರ್ಯ ನಿರ್ವಹಿಸುತ್ತವೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ತೀರ್ಪಿನ ಪ್ರಕಾರ ವೈದ್ಯರು ಹೇಳುವ ಶೇಕಡಾವಾರು ವೈಕಲ್ಯವೂ ಗಳಿಕೆಯ ಸಾಮರ್ಥ್ಯದ ನಷ್ಟವೂ ಒಂದೇ ಅಲ್ಲ. ಗಾಯಗೊಂಡವನ ವೃತ್ತಿಯ ಮೇಲೆ ಆದ ಪರಿಣಾಮವನ್ನು ನ್ಯಾಯಮಂಡಳಿ ಪ್ರತ್ಯೇಕವಾಗಿ ಅಳೆಯಬೇಕು. ಸಿದ್ಧ ಪ್ರಮಾಣಪತ್ರಗಳನ್ನು ವಿಚಾರಿಸದೆ ಒಪ್ಪಬಾರದು. ಕತ್ತು ತಿರುಗಿಸಲಾಗದ ಲಾರಿ ಚಾಲಕನಿಗೂ ಕುಳಿತು ಲೆಕ್ಕ ಬರೆಯುವವನಿಗೂ ಒಂದೇ ಗಾಯದಿಂದಾಗುವ ನಷ್ಟ ಬೇರೆಬೇರೆ ಎಂಬುದು ಇದರ ತಾತ್ಪರ್ಯ.

ಆದುದರಿಂದ ಚಲನೆಯ ವೀಡಿಯೊ ಒಂದೇ ನಿರ್ಣಾಯಕವಾಗುವುದಿಲ್ಲ. ಅಪಘಾತದ ದಿನದ ಆಸ್ಪತ್ರೆಯ ದಾಖಲೆ, ಗಾಯದ ಪ್ರಮಾಣಪತ್ರ, ಎಂ.ಆರ್.ಐ. ವರದಿ, ಚಿಕಿತ್ಸೆ ನೀಡಿದ ವೈದ್ಯರ ಹೇಳಿಕೆ ಮತ್ತು ಕೆಲಸದ ಸ್ವರೂಪದ ವಿವರ ಇವೆಲ್ಲವೂ ಒಟ್ಟಿಗೆ ಪರಿಗಣನೆಗೆ ಬರುತ್ತವೆ. ಪರಿಹಾರಕ್ಕೆ ನೆರವಾಗಲೆಂದು ಮಾತ್ರ ವಿಕಿರಣಕ್ಕೆ ಒಡ್ಡಿಕೊಳ್ಳುವುದು ವೈದ್ಯಕೀಯ ದೃಷ್ಟಿಯಿಂದ ಸಮರ್ಥನೀಯವಲ್ಲ.

## ತುರ್ತು ಲಕ್ಷಣಗಳು

ಅಪಘಾತದ ನಂತರ ಕೈಕಾಲುಗಳಲ್ಲಿ ಶಕ್ತಿಹೀನತೆ ಅಥವಾ ಜೋಮು, ಮಲಮೂತ್ರ ನಿಯಂತ್ರಣ ತಪ್ಪುವುದು, ಕತ್ತು ಬಾಗಿಸಿದಾಗ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತೆ ಅನ್ನಿಸುವುದು, ನಡಿಗೆ ತಡವರಿಸುವುದು, ಇವು ಬೆನ್ನುಹುರಿಗೆ ಅಪಾಯವಿರುವ ಸೂಚನೆಗಳು. ಇಂತಹವರ ಕತ್ತನ್ನು ಅಲುಗಾಡಿಸದೆ, ಅಗತ್ಯವಾದಷ್ಟು ಜನ ಸೇರಿ ತಲೆ-ಕತ್ತು-ಬೆನ್ನು ಒಂದೇ ಸರಳರೇಖೆಯಲ್ಲಿರುವಂತೆ ಎತ್ತಿ ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕದಲ್ಲಿ 2008ರಿಂದ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆ ಲಭ್ಯವಿದೆ. ಈ ಲಕ್ಷಣಗಳಿರುವಾಗ ಬಾಗಿಸಿ ನೋಡುವ ಯಾವುದೇ ಪರೀಕ್ಷೆಯನ್ನು ಮಾಡುವುದಿಲ್ಲ. ಸಿ.ಟಿ. ಮತ್ತು ಎಂ.ಆರ್.ಐ.ಗಳೇ ಮೊದಲು.

## ಇವನ್ನೂ ನೋಡಿ

* ಬೆನ್ನುಮೂಳೆ
* ಕ್ಷ-ಕಿರಣ
* ಎಂ.ಆರ್.ಐ.
* ನಿಮ್ಹಾನ್ಸ್
* ಪೀಣ್ಯ
* ದಾಸರಹಳ್ಳಿ